ಕೂದಲು ನಾಟಿಯ ಕಲೆ ಕಾಣುತ್ತಿದೆಯೇ?

ಉಮ್ರಾದಲ್ಲಿ ತಲೆ ಬೋಳಿಸಿದರೆ ಹಳೆಯ ಕೂದಲು ನಾಟಿಯ ಕಲೆ ಎಲ್ಲರಿಗೂ ಕಾಣುತ್ತದೆಂದು ಅಳುಕುವವರು ಕೊಳ್ಳೇಗಾಲ, ಹನೂರು, ಯಳಂದೂರಿನಲ್ಲೂ ಇದ್ದಾರೆ. ಕೂದಲು ಕತ್ತರಿಸಿಕೊಂಡರೂ ಉಮ್ರಾ ಆಗುತ್ತದೆ, ಅದಕ್ಕಾಗಿ ಯಾತ್ರೆ ಮುಂದೂಡಬೇಡಿ.

ಚರ್ಮದ ಪಟ್ಟಿ ತೆಗೆದು ನಾಟಿ ಮಾಡಿದ್ದರೆ ಹಿಂದಲೆಯಲ್ಲಿ ಅಡ್ಡಗೆರೆ ಉಳಿಯುತ್ತದೆ. ಒಂದೊಂದೇ ಬೇರು ತೆಗೆದಿದ್ದರೆ ಬಿಳಿ ಚುಕ್ಕೆಗಳು. ಪೂರ್ತಿ ಅಳಿಸಲಾಗದು, ಮರೆಮಾಡಬಹುದು. ಮೊದಲ ಒಂದು ವರ್ಷ ಕಲೆ ತಾನಾಗಿಯೇ ಮಸುಕಾಗುತ್ತಾ ಹೋಗುತ್ತದೆ. ಆದರೆ ಉಬ್ಬಿ ತುರಿಸುತ್ತಿದ್ದರೆ ಕಾಯಬೇಡಿ. ಸಿಲಿಕೋನ್ ಜೆಲ್ ಅಥವಾ ಚರ್ಮವೈದ್ಯರು ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಬೇಕಾದೀತು.

ಚಪ್ಪಟೆ ಗೆರೆಯಲ್ಲಿ ಕೂದಲು ನೆಡಿಸಬಹುದು, ಗಡ್ಡದ್ದೂ ಆಗುತ್ತದೆ. ಕಲೆಯಲ್ಲಿ ರಕ್ತಸಂಚಾರ ಕಡಿಮೆ, ಹಾಗಾಗಿ ನೆಟ್ಟದ್ದೆಲ್ಲ ಹಿಡಿಯುವುದಿಲ್ಲ. ಅಗಲ ಗೆರೆಯನ್ನು ಕತ್ತರಿಸಿ ಮತ್ತೆ ಹೊಲಿಯಬಹುದು. ಚರ್ಮ ಬಿಗಿಯಿದ್ದರೆ ಪುನಃ ಹಿಗ್ಗುತ್ತದೆ. ಬಣ್ಣದ ಚುಕ್ಕೆ ಇಡುವ ಮೈಕ್ರೋಪಿಗ್ಮೆಂಟೇಶನ್ ಹಚ್ಚೆಯ ಬಗೆಯದು, ಮೊದಲು ನಿಮ್ಮ ಆಲಿಮರನ್ನು ಕೇಳಿ.

ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ: ಕಲೆಯಲ್ಲಿ ಬೇರೇ ಇಲ್ಲ, ಯಾವ ಎಣ್ಣೆಯೂ ಅಲ್ಲಿ ಕೂದಲು ಬೆಳೆಸದು. ರೋಗನೆ ಬಾದಾಮ್ ಒಣಚರ್ಮವನ್ನು ಮೃದು ಮಾಡೀತು, ಅಷ್ಟೇ. ಕಲೆಯ ಮೇಲೆ ಹಿಜಾಮಾ ಮಾಡಿಸಬೇಡಿ. ಕಲೆ ಉಬ್ಬುವ ಮೈಯವರಿಗೆ ಪ್ರತಿ ಗೀರೂ ಹೊಸ ಕಲೆ. ಬೆಂಗಳೂರಿನಲ್ಲಿ ಹಣ ಕಟ್ಟುವ ಮೊದಲು ಚಾಮರಾಜನಗರದ ಮೆಡಿಕಲ್ ಕಾಲೇಜು ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯ ಚರ್ಮ ವಿಭಾಗದಲ್ಲಿ ಒಮ್ಮೆ ತೋರಿಸಿ. ಹಳೆಯ ಆಪರೇಷನ್ನಿನ ಚೀಟಿ ಇದ್ದರೆ ಜೊತೆಗಿರಲಿ.