ಹೆಸರು ತಿಳಿಯದವನ ಉಪಕಾರ

ದೊಡ್ಡಬಳ್ಳಾಪುರ ತಾಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯ ಹೆಸರನ್ನು ನೀವು ಕೇಳಿರಬಹುದು. ಪುಷ್ಯ ಮಾಸದಲ್ಲಿ ಅಲ್ಲಿನ ದೇವಸ್ಥಾನದ ರಥೋತ್ಸವ. ಆ ಸುಮಾರಿಗೆ, ಡಿಸೆಂಬರ್-ಜನವರಿಯ ಚಳಿಯಲ್ಲಿ, ಸುತ್ತಲ ಬಯಲಿನ ತುಂಬ ಹಳ್ಳಿಕಾರ್ ಎತ್ತುಗಳು ಸೇರುತ್ತವೆ. ಉತ್ತರ ಕರ್ನಾಟಕದಿಂದಲೂ ಆಂಧ್ರದಿಂದಲೂ ರೈತರು ಕೊಳ್ಳಲು ಬರುತ್ತಾರೆ.

ಪ್ರಿಯ ಓದುಗರೇ, ಆ ಜಾತ್ರೆಗೆ ನೀವು ಮೊದಲ ಬಾರಿಗೆ ಎತ್ತು ಕೊಳ್ಳಲು ಹೋಗಿದ್ದೀರಿ ಎಂದು ಇಟ್ಟುಕೊಳ್ಳೋಣ. ಒಂದು ಜೋಡಿ ಕಣ್ಣಿಗೆ ಹಿಡಿಸಿದೆ. ದಲ್ಲಾಳಿ ಬಾಯಿ ತೆರೆಸಿ ಹಲ್ಲು ತೋರಿಸುತ್ತಾನೆ, ಸುಳಿಯ ಮಹಿಮೆ ಹೇಳುತ್ತಾನೆ. (ಸುಳಿ ನೋಡಿ ಅದೃಷ್ಟ ಅಳೆಯುವುದು ನಮಗೆ ಸಲ್ಲದ ಮಾತು, ಅದಿರಲಿ.) ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರುತ್ತದೆ. ಇನ್ನೇನು ಮುಂಗಡ ಕೊಡಬೇಕು ಎನ್ನುವಾಗ ಪಕ್ಕದ ಜೋಡಿಗೆ ಹುಲ್ಲು ಹಾಕುತ್ತಿದ್ದ ರೈತನೊಬ್ಬ ತಲೆಯೆತ್ತದೆ ಹೇಳುತ್ತಾನೆ: "ಸಾಬ್ರೇ, ಅದನ್ನ ಗಟ್ಟಿ ನೆಲದ ಮ್ಯಾಲೆ ನಾಲ್ಕ್ ಹೆಜ್ಜೆ ನಡಸಿ ನೋಡಿ."

ನೀವು ನಡೆಸಿ ನೋಡುತ್ತೀರಿ. ಎಡಗಡೆಯ ಎತ್ತಿನ ಹಿಂಗಾಲು ಕುಂಟುತ್ತದೆ. ವ್ಯಾಪಾರ ಮುರಿಯುತ್ತದೆ, ಹಣ ಉಳಿಯುತ್ತದೆ. ಆತನಿಗೆ ನಾಲ್ಕು ಮಾತು ಹೇಳೋಣವೆಂದು ತಿರುಗುವಷ್ಟರಲ್ಲಿ ಆತ ತನ್ನ ಜೋಡಿಯನ್ನು ಹಿಡಿದು ನೀರಿನ ತೊಟ್ಟಿಯ ಕಡೆಗೆ ಹೋಗಿಯಾಗಿದೆ.

ಆತ ಆಡಿದ್ದು ಒಂದೇ ಮಾತು. ಆದರೆ ಅದರ ಬೆಲೆ ಯೋಚಿಸಿ. ಆತನ ಜೋಡಿ ಇನ್ನೂ ಮಾರಾಟವಾಗಿಲ್ಲ. ಜಾತ್ರೆ ಮುಗಿಯುವವರೆಗೂ ಅದೇ ದಲ್ಲಾಳಿಗಳ ನಡುವೆ ನಿಲ್ಲಬೇಕು. ಅವರು ಮನಸ್ಸು ಮಾಡಿದರೆ ಆತನ ಹತ್ತಿರಕ್ಕೆ ಒಬ್ಬ ಗಿರಾಕಿಯೂ ಸುಳಿಯದಂತೆ ಮಾಡಬಲ್ಲರು. ನೀವು ಯಾರೋ, ಯಾವ ಊರಿನವರೋ ಆತನಿಗೆ ತಿಳಿಯದು. ತಿಳಿದಿದ್ದುದು ನೀವು ಸಾಬರೆಂದು ಮಾತ್ರ.

ಈಗ ನನ್ನ ಪ್ರಶ್ನೆ. ಅಂದು ಮನೆಗೆ ಬಂದು ನೀವು ಏನು ಹೇಳುವಿರಿ? ದಲ್ಲಾಳಿಯ ಮೋಸವನ್ನು ಖಂಡಿತ ಹೇಳುವಿರಿ. ಅದನ್ನು ಹತ್ತು ಜನ ಕೇಳುತ್ತಾರೆ, ಹತ್ತು ಸಲ ಕೇಳುತ್ತಾರೆ. ಆ ರೈತನ ಸರದಿ ಬಂದಾಗ ನಾಲಿಗೆ "ಯಾರೋ ಹೇಳಿದ್ರು" ಎಂದು ಮುಂದೆ ಸಾಗಿಬಿಡುತ್ತದೆ. ಈ "ಯಾರೋ" ಎಂಬ ಪದದ ಬಗೆಗೇ ನಾನು ಇಂದು ನಿಮ್ಮೊಡನೆ ಮಾತಾಡಬಯಸುವುದು.

ಹ. ಜಾಬಿರ್(ರ) ವರದಿ ಮಾಡಿರುವ ಒಂದು ಹದೀಸ್ ತಿರ್ಮಿದಿ ಮತ್ತು ಅಬೂ ದಾವೂದ್ ಗ್ರಂಥಗಳಲ್ಲಿದೆ. ಯಾರಿಗಾದರೂ ಏನಾದರೂ ನೀಡಲ್ಪಟ್ಟರೆ, ಸಾಧ್ಯವಿದ್ದರೆ ಅದಕ್ಕೆ ಪ್ರತಿಯಾಗಿ ನೀಡಬೇಕು, ಸಾಧ್ಯವಿಲ್ಲದಿದ್ದರೆ ನೀಡಿದವನನ್ನು ಪ್ರಶಂಸಿಸಬೇಕು. ಪ್ರಶಂಸಿಸಿದವನು ಕೃತಜ್ಞತೆ ಸಲ್ಲಿಸಿದಂತೆ, ಅದನ್ನು ಮರೆಮಾಚಿದವನು ಕೃತಘ್ನನಾದಂತೆ ಎಂಬುದು ಅದರ ತಾತ್ಪರ್ಯ. ಇಲ್ಲಿ ಕೃತಘ್ನತೆಗೆ ಪ್ರವಾದಿವರ್ಯರು(ಸ) ಬಳಸಿದ ಪದ 'ಕುಫ್ರ್' ಎಂಬ ಮೂಲದಿಂದಲೇ ಬಂದದ್ದು. ಇದರಿಂದ ಧರ್ಮಭ್ರಷ್ಟನಾಗುತ್ತಾನೆಂದು ಅರ್ಥವಲ್ಲ. ಆ ಪದದ ಮೂಲ ಅರ್ಥವೇ ಮುಚ್ಚುವುದು. ಬೀಜವನ್ನು ಮಣ್ಣಿನಲ್ಲಿ ಮುಚ್ಚುವ ರೈತನಿಗೂ ಅರಬಿಯಲ್ಲಿ ಅದೇ ಪದವಿದೆ. ಪವಿತ್ರ ಕುರ್‌ಆನ್‌ನ 'ಅಲ್ ಹದೀದ್' ಅಧ್ಯಾಯದ 20ನೇ ಸೂಕ್ತದಲ್ಲಿ ಅದು ಆ ಅರ್ಥದಲ್ಲಿಯೇ ಬಂದಿದೆ. ರೈತನು ಮುಚ್ಚಿದ ಬೀಜ ಮೊಳೆಯುತ್ತದೆ. ನಾವು ಮುಚ್ಚಿದ ಉಪಕಾರ ನಮ್ಮೊಳಗೇ ಕೊಳೆಯುತ್ತದೆ.

ಪ್ರವಾದಿವರ್ಯರ(ಸ) ಬದುಕಿನಲ್ಲಿ ತಾಇಫ್‌ನ ದಿನ ಎಷ್ಟು ಕಠಿಣವಾಗಿತ್ತೆಂಬುದು ನಮ್ಮ ಮಕ್ಕಳಿಗೂ ಗೊತ್ತು. ಊರಿನ ಪುಂಡರು ಬೆನ್ನಟ್ಟಿ ಕಲ್ಲೆಸೆದರು, ಪಾದಗಳು ರಕ್ತಮಯವಾದವು. ಕೊನೆಗೆ ಒಂದು ತೋಟದ ನೆರಳಿನಲ್ಲಿ ಕುಳಿತರು. ತೋಟ ಉತ್ಬ ಮತ್ತು ಶೈಬ ಎಂಬ ಸಹೋದರರದು. ಅವರಿಬ್ಬರೂ ಮಕ್ಕಾದ ವಿರೋಧಿಗಳ ಮುಂಚೂಣಿಯಲ್ಲಿದ್ದವರು, ಮುಂದೆ ಬದ್ರ್‌ನಲ್ಲಿ ಮುಸ್ಲಿಮರ ವಿರುದ್ಧ ಹೋರಾಡಿ ಸತ್ತವರು. ಆದರೆ ಅಂದು ಅವರ ಮನ ಕರಗಿತು. ತಮ್ಮ ಗುಲಾಮ ಅದ್ದಾಸ್‌ನ ಕೈಯಲ್ಲಿ ಒಂದು ತಟ್ಟೆ ದ್ರಾಕ್ಷಿ ಕಳಿಸಿದರು. ಅದ್ದಾಸ್ ನೀನೆವೆಯಿಂದ ಬಂದ ಕ್ರೈಸ್ತ. ಪ್ರವಾದಿವರ್ಯರು(ಸ) ಆತನ ಊರನ್ನು ವಿಚಾರಿಸಿದರು, ಅದು ಪ್ರವಾದಿ ಯೂನುಸ್‌ರ(ಅ) ಊರೆಂದು ನೆನೆದರು.

ತಾಇಫ್‌ನ ಕಲ್ಲುಗಳನ್ನು ದಾಖಲಿಸಿದ ನಮ್ಮ ಚರಿತ್ರೆಕಾರರು ಆ ತಟ್ಟೆಯನ್ನು ಬಿಡಲಿಲ್ಲ. ಕಳಿಸಿದವರು ಶತ್ರುಗಳೆಂಬ ಕಾರಣಕ್ಕೆ ಅವರ ಹೆಸರನ್ನೂ ಅಳಿಸಲಿಲ್ಲ, ತಂದವನು ಗುಲಾಮನೆಂದು ಅವನನ್ನು "ಯಾರೋ" ಎನ್ನಲಿಲ್ಲ.

ಅದೇ ಪ್ರಯಾಣದಿಂದ ಮರಳುವಾಗ ಮಕ್ಕಾ ಪ್ರವೇಶಿಸಲು ರಕ್ಷಣೆ ನೀಡಿದವರು ಮುತ್‌ಇಮ್ ಬಿನ್ ಅದೀ. ಅವರೂ ಇಸ್ಲಾಮ್ ಸ್ವೀಕರಿಸಿದವರಲ್ಲ. ಅದೇನೂ ಸಣ್ಣ ಉಪಕಾರವಲ್ಲ, ನಿಜ. ಆದರೆ ಆ ನೆನಪಿನ ಬಾಳಿಕೆ ನೋಡಿ. ವರ್ಷಗಳು ಕಳೆದವು, ಹಿಜ್ರತ್ ಆಯಿತು, ಬದ್ರ್ ಯುದ್ಧ ನಡೆಯಿತು, ಮುತ್‌ಇಮ್ ಅಷ್ಟರಲ್ಲಿ ತೀರಿಕೊಂಡಿದ್ದರು. ಬದ್ರ್‌ನ ಕೈದಿಗಳನ್ನು ಮುಂದಿಟ್ಟುಕೊಂಡು ಪ್ರವಾದಿವರ್ಯರು(ಸ), ಇಂದು ಮುತ್‌ಇಮ್ ಬದುಕಿದ್ದು ಇವರ ಪರವಾಗಿ ಒಂದು ಮಾತಾಡಿದ್ದರೆ ಅವರಿಗಾಗಿ ಇವರೆಲ್ಲರನ್ನೂ ಬಿಟ್ಟುಬಿಡುತ್ತಿದ್ದೆ ಎಂಬರ್ಥದ ಮಾತು ಹೇಳಿದರೆಂದು ಸಹೀಹ್ ಬುಖಾರಿಯಲ್ಲಿದೆ.

ನಾವು ಬದುಕುತ್ತಿರುವ ದಿನಗಳು ಸುಲಭದವಲ್ಲ. 2022ರ ಮಾರ್ಚ್‌ನಲ್ಲಿ ಕರಾವಳಿಯ ಕೆಲವು ದೇವಸ್ಥಾನಗಳ ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಮಳಿಗೆ ನಿರಾಕರಿಸಲಾಯಿತು, ಆ ಕೂಗು ರಾಜ್ಯದ ಬೇರೆ ಕಡೆಗೂ ಹಬ್ಬಿತು. ಎತ್ತು ಹಿಡಿದು ರಸ್ತೆಗಿಳಿಯುವ ಸಾಬರಿಗೆ ಇಂದು ಎಷ್ಟು ಅಳುಕಿದೆಯೆಂಬುದನ್ನು ನಾನು ನಿಮಗೆ ಹೇಳಬೇಕಿಲ್ಲ. ಈ ನೋವನ್ನು ನುಂಗಿಕೊಳ್ಳಬೇಕೆಂದು ಯಾರೂ ಹೇಳುತ್ತಿಲ್ಲ. ಅನ್ಯಾಯವನ್ನು ಅನ್ಯಾಯವೆಂದೇ ಹೇಳಬೇಕು. ಆದರೆ ನಮ್ಮ ದಸ್ತರ್‌ಖಾನಿನ ಸುತ್ತ ಕುಳಿತ ಮಕ್ಕಳು ಮಳಿಗೆ ಕೊಡದವರ ಕತೆಯನ್ನಷ್ಟೇ ಕೇಳಿ, ಗಟ್ಟಿ ನೆಲದ ಮೇಲೆ ನಡೆಸಿ ನೋಡಿ ಎಂದವನ ಕತೆಯನ್ನು ಕೇಳದೆ ಬೆಳೆದರೆ? ನಾವು ಅವರಿಗೆ ಕೊಟ್ಟದ್ದು ಅರ್ಧ ಸಾಕ್ಷ್ಯ. ಒಂದು ಜನಾಂಗದ ಮೇಲಿನ ದ್ವೇಷವು ನಿಮ್ಮನ್ನು ನ್ಯಾಯದಿಂದ ವಿಚಲಿತಗೊಳಿಸದಿರಲಿ ಎಂಬ ಆಜ್ಞೆ 'ಅಲ್ ಮಾಇದ' ಅಧ್ಯಾಯದ 8ನೇ ಸೂಕ್ತದಲ್ಲಿರುವುದು ಸಾಕ್ಷ್ಯದ ಮಾತಿನ ಜೊತೆಯಲ್ಲಿಯೇ.

ಕೆಲವರು ಹೇಳುವುದುಂಟು: "ಆತನಿಗೆ ಆ ದಲ್ಲಾಳಿಯ ಮೇಲೆ ಹಳೆಯ ಸಿಟ್ಟಿರಬೇಕು, ಅಥವಾ ತನ್ನ ಜೋಡಿಯನ್ನು ನಮಗೆ ಮಾರುವ ಉಪಾಯವಿರಬೇಕು." ಇರಬಹುದು. ಆದರೆ ಮಾರುವ ಉಪಾಯವಿದ್ದವನು ನೀರಿನ ತೊಟ್ಟಿಗೆ ಹೋಗಿಬಿಡುವನೇ? ಉದ್ದೇಶಗಳನ್ನು ಅರಿತವನು ಅಲ್ಲಾಹನು. ಅತಿಯಾದ ಗುಮಾನಿಯಿಂದ ದೂರವಿರಬೇಕೆಂದು ನಮಗೆ ಆಜ್ಞೆಯಾಗಿದೆ. ಉಪಕಾರ ಸಿಕ್ಕ ಮೇಲೂ ಅದರ ಹಲ್ಲು ಎಣಿಸುತ್ತ ಕೂರುವುದು ನಮಗೆ ಒಪ್ಪುವ ಕೆಲಸವಲ್ಲ.

ಆತ ಮತ್ತೆ ಸಿಕ್ಕರೆ ಏನೆನ್ನಬೇಕು? ಉಪಕಾರ ಮಾಡಿದವನಿಗೆ "ಜಝಾಕಲ್ಲಾಹು ಖೈರನ್" ಎಂದರೆ ಸಂಪೂರ್ಣ ಪ್ರಶಂಸೆ ಸಲ್ಲಿಸಿದಂತೆ ಎಂದು ಹದೀಸ್‌ನಲ್ಲಿದೆ. ಆತನಿಗೆ ಅರಬಿ ತಿಳಿಯದು. "ದೇವರು ನಿಮಗೆ ಒಳ್ಳೇದು ಮಾಡ್ಲಿ" ಎಂದು ಕನ್ನಡದಲ್ಲಿಯೇ ಹೇಳಿ, ಅರ್ಥ ಅದೇ. ಮುಂದಿನ ವರ್ಷ ಅದೇ ಬಯಲಿನಲ್ಲಿ ಬೇರೊಬ್ಬ ಹೊಸಬ ಮುಂಗಡಕ್ಕೆ ಕೈ ಹಾಕುವುದನ್ನು ನೀವು ಕಂಡರೆ, ಅವನು ಯಾರೆಂದು ವಿಚಾರಿಸದೆ ಆ ಒಂದು ಮಾತನ್ನು ಅವನಿಗೂ ಆಡಿ.

ಅಷ್ಟರವರೆಗೆ, ನೀವು ಕೊಂಡು ತಂದ ಬೇರೆ ಜೋಡಿಯನ್ನು ನೋಡಲು ಕೇರಿಯವರು ಬರುತ್ತಾರೆ. ಬೆಲೆ ಕೇಳುತ್ತಾರೆ, ಹಲ್ಲು ನೋಡುತ್ತಾರೆ. ಆ ದಲ್ಲಾಳಿಯ ಕೈಯಿಂದ ಹೇಗೆ ತಪ್ಪಿಸಿಕೊಂಡಿರೆಂದೂ ಕೇಳುತ್ತಾರೆ. ಅಂಗಳದಲ್ಲಿ ನಿಮ್ಮ ಮಕ್ಕಳೂ ನಿಂತಿರುತ್ತಾರೆ. "ಪಕ್ಕದಲ್ಲಿ ಎತ್ತು ಕಟ್ಟಿದ್ದ ರೈತರೊಬ್ಬರು ಉಳಿಸಿದರು. ತಮ್ಮ ವ್ಯಾಪಾರ ಕೆಡುತ್ತದೆಂದು ತಿಳಿದೂ ಹೇಳಿದರು. ಹೆಸರು ಕೇಳಲಾಗಲಿಲ್ಲ" ಎಂದು, ಎಲ್ಲರಿಗೂ ಕೇಳುವಂತೆ, ಗಟ್ಟಿಯಾಗಿ ಹೇಳಿ.