ಚೀನೀ ಕಷಾಯ: ಮನೆಯಲ್ಲಿ ಕುದಿಸುವ ಮುನ್ನ

ಯುನಾನಿ ಔಷಧಿ ಬಳಸುವ ಮನೆಗಳಿಗೆ ಜೋಶಾಂದಾ ಹೊಸದಲ್ಲ. ನೆಗಡಿ, ಕೆಮ್ಮು ಬಂದರೆ ಉನ್ನಾಬ್, ಸಪಿಸ್ತಾನ್, ಮುಲೇಠಿ ಕುದಿಸಿ ಸೋಸಿ ಬಿಸಿಯಾಗಿ ಕುಡಿಯುವುದು ಹಿರಿಯರ ಕಾಲದ ರೂಢಿ. ಚೀನೀ ವೈದ್ಯದಲ್ಲಿ ಇಂಥ ಕಷಾಯಕ್ಕೆ ‘ತಾಂಗ್’ ಎನ್ನುತ್ತಾರೆ. ಸಾರು ಎಂಬುದು ಆ ಪದದ ಅರ್ಥ. ಮಲೇಷ್ಯಾ, ಸಿಂಗಾಪುರ, ಚೀನಾಗಳಿಂದ ಬರುವ ಬಂಧುಗಳು ತಂದ ಇಂತಹ ಪೊಟ್ಟಣಗಳನ್ನು ತೋರಿಸಿ, “ಹಕೀಮರೇ, ಇದನ್ನೂ ಜೋಶಾಂದಾದಂತೆ ಕುದಿಸಬಹುದೇ?” ಎಂದು ಕೇಳುವವರಿದ್ದಾರೆ. ಕುದಿಸುವ ಕ್ರಮ ಬಹುತೇಕ ಒಂದೇ. ಆದರೆ ಕೆಲವು ವ್ಯತ್ಯಾಸಗಳನ್ನು ತಿಳಿಯದಿದ್ದರೆ ಅಪಾಯವಿದೆ.

ಹಳೆಯ ನಂಟು

ಮೂರನೇ ಶತಮಾನದ ಆರಂಭದ ಹೊತ್ತಿಗೆ ಚೀನೀ ವೈದ್ಯ ಚಾಂಗ್ ಚೋಂಗ್‌ಜಿಂಗ್ ಜ್ವರಗಳ ಬಗ್ಗೆ ಬರೆದ ಗ್ರಂಥದಲ್ಲಿ ‘ಗುಯಿಝಿ ತಾಂಗ್’ ಎಂಬ ಕಷಾಯವಿದೆ. ಅದರಲ್ಲಿ ಐದೇ ಪದಾರ್ಥ: ದಾಲ್ಚಿನ್ನಿ ಮರದ ಎಳೆ ಕಡ್ಡಿ, ಪಿಯೋನಿ ಬೇರು, ಶುಂಠಿ, ಜೇಷ್ಠಮಧು, ಉನ್ನಾಬ್ ಜಾತಿಯ ಹಣ್ಣು. ಏಳು ಅಳತೆ ನೀರನ್ನು ಮೂರಕ್ಕೆ ಇಳಿಸಿ ಒಂದು ಅಳತೆ ಕುಡಿಯಬೇಕು, ಮೇಲೆ ಬಿಸಿಯಾದ ತೆಳು ಗಂಜಿ ಕುಡಿಯಬೇಕು ಎಂಬುದು ಅಲ್ಲಿನ ಕ್ರಮ. ನಮ್ಮ ವೈದ್ಯವೂ ಚೀನಾ ತಲುಪಿತ್ತು. ಚೀನೀ ಭಾಷೆಯಲ್ಲಿರುವ ‘ಹುಯಿಹುಯಿ ಯಾವೊಫಾಂಗ್’ ಎಂಬ ಹಳೆಯ ಗ್ರಂಥದಲ್ಲಿ ಅರಬಿ, ಪಾರ್ಸಿ ಔಷಧಿಗಳ ಹೆಸರುಗಳಿವೆ. ಅದರ 36 ಸಂಪುಟಗಳಲ್ಲಿ ಉಳಿದಿರುವುದು 4 ಮಾತ್ರ.

ಕುದಿಸುವ ಕ್ರಮ

1. ಪಾತ್ರೆ: ಮಣ್ಣಿನ ಮಡಕೆ ಉತ್ತಮ. ಗಾಜು, ಸ್ಟೀಲ್ ಆಗಬಹುದು. ಕಬ್ಬಿಣ, ಅಲ್ಯೂಮಿನಿಯಂ ಬೇಡ. ಗಿಡಮೂಲಿಕೆಯ ಒಗರು ಅಂಶ ಕಬ್ಬಿಣದೊಂದಿಗೆ ಸೇರಿದರೆ ಕಷಾಯ ಕಪ್ಪಾಗಿ ಗುಣ ಕೆಡುತ್ತದೆ.

2. ನೆನೆಸುವುದು: ಧೂಳು ಹೋಗುವಷ್ಟು ಬೇಗನೆ ತೊಳೆಯಿರಿ. ಮೂಲಿಕೆಗಳ ಮೇಲೆ ಎರಡು ಬೆರಳು ನಿಲ್ಲುವಷ್ಟು ತಣ್ಣೀರು ಹಾಕಿ ಅರ್ಧ ಗಂಟೆ ಬಿಡಿ. ಬಿಸಿನೀರು ಹಾಕಬಾರದು.

3. ಬೆಂಕಿ: ದೊಡ್ಡ ಉರಿಯಲ್ಲಿ ಕುದಿ ಬಂದ ಮೇಲೆ ಸಣ್ಣ ಉರಿಗೆ ಇಳಿಸಿ 20ರಿಂದ 30 ನಿಮಿಷ ಬಿಡಿ. ನೆಗಡಿ, ಜ್ವರದ ಸುವಾಸನೆಯ ಔಷಧಿಗೆ 10ರಿಂದ 15 ನಿಮಿಷ ಸಾಕು. ಶಕ್ತಿವರ್ಧಕ ಬೇರುಗಳಿಗೆ 40 ನಿಮಿಷದಿಂದ ಒಂದು ಗಂಟೆ ಬೇಕು. ಪದೇ ಪದೇ ಮುಚ್ಚಳ ತೆಗೆಯಬೇಡಿ.

4. ಎರಡನೇ ಕುದಿ: ಬಿಸಿಯಿರುವಾಗಲೇ ಶುಭ್ರ ಬಟ್ಟೆಯಲ್ಲಿ ಸೋಸಿ. ಅದೇ ಚರಟಕ್ಕೆ ಕಡಿಮೆ ನೀರು ಹಾಕಿ ಮತ್ತೆ 15ರಿಂದ 20 ನಿಮಿಷ ಕುದಿಸಿ. ಎರಡೂ ರಸ ಬೆರೆಸಿ ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಕುಡಿಯುವುದು ವಾಡಿಕೆ. ರಮಝಾನಿನಲ್ಲಿ ಸಹರಿ, ಇಫ್ತಾರಿಗೆ ಹೊಂದಿಸುವುದಾದರೆ ಮೊದಲು ವೈದ್ಯರನ್ನು ಕೇಳಿ.

5. ಉಳಿದದ್ದು: ಮುಚ್ಚಿ ಫ್ರಿಜ್‌ನಲ್ಲಿಡಿ, ಆ ದಿನವೇ ಮುಗಿಸಿ. ತಳ ಹಿಡಿದು ಸೀದರೆ ನೀರು ಸೇರಿಸಿ ಉಳಿಸಲು ಹೋಗಬೇಡಿ, ಚೆಲ್ಲಿಬಿಡಿ.

ಎಲ್ಲವನ್ನೂ ಒಟ್ಟಿಗೆ ಹಾಕುವಂತಿಲ್ಲ

ಚಿಪ್ಪು, ಖನಿಜಗಳನ್ನು ಮೊದಲೇ ಹಾಕಿ ಹೆಚ್ಚು ಹೊತ್ತು ಕುದಿಸಬೇಕು. ಪುದೀನದಂತಹ ಸುವಾಸನೆಯ ಎಲೆಗಳನ್ನು ಕೊನೆಯ ಐದು ನಿಮಿಷಕ್ಕೆ ಹಾಕಬೇಕು. ಇಸಬ್ಗೋಲ್ ಜಾತಿಯ ಲೋಳೆ ಬೀಜಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಬೇಕು. ಜಿನ್ಸೆಂಗನ್ನು ಬೇರೆಯಾಗಿ ಕುದಿಸಿ ಆಮೇಲೆ ಬೆರೆಸುತ್ತಾರೆ. ಪೊಟ್ಟಣದೊಳಗೆ ಸಣ್ಣ ಪೊಟ್ಟಣಗಳಿದ್ದರೆ ಕಾರಣ ಇದೇ. ಒಂದಕ್ಕೊಂದು ಸೇರಿಸಬೇಡಿ.

ಕೆಲವಕ್ಕೆ ಬೆಂಕಿಯೇ ಶತ್ರು. ನಾಲ್ಕನೇ ಶತಮಾನದ ಗೆ ಹೋಂಗ್ ಎಂಬ ಚೀನೀ ವೈದ್ಯ ಜ್ವರಕ್ಕೆ ‘ಚಿಂಗ್‌ಹಾವ್’ ಗಿಡವನ್ನು ನೀರಲ್ಲಿ ನೆನೆಸಿ ಹಿಂಡಿ ಕುಡಿಯಲು ಹೇಳಿದ್ದ. ಕುದಿಸಲು ಹೇಳಿರಲಿಲ್ಲ. ಅದನ್ನು ಗಮನಿಸಿದ ವಿಜ್ಞಾನಿ ತೂ ಯೂಯೂ ಕಡಿಮೆ ಶಾಖದಲ್ಲಿ ಸಾರ ತೆಗೆದರು. ಮಲೇರಿಯಾಕ್ಕೆ ಆರ್ಟೆಮಿಸಿನಿನ್ ದೊರೆಯಿತು, 2015ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮಲ್ಲಿ ಜೋಶಾಂದಾ ಬೇರೆ, ನೆನೆಸಿ ಹಿಂಡುವ ಖೇಸಾಂದಾ ಬೇರೆ ಎಂದು ಹಕೀಮರು ವಿಂಗಡಿಸಿದ್ದೂ ಇದೇ ತಿಳಿವಳಿಕೆಯಿಂದ.

ಎಚ್ಚರಿಕೆಗಳು

ವತ್ಸನಾಭಿ ಜಾತಿಯ ‘ಫೂಝಿ’ ಬೇರು ಸರಿಯಾಗಿ ಸಂಸ್ಕರಿಸದೆ, ಸಾಕಷ್ಟು ಕುದಿಸದೆ ಹೊಟ್ಟೆ ಸೇರಿದರೆ ವಿಷ. ಅದನ್ನು ಮನೆಯಲ್ಲಿ ಸ್ವಂತ ಬುದ್ಧಿಯಿಂದ ಕುದಿಸಲೇಬಾರದು. ಕಷಾಯ ಕುಡಿದ ಮೇಲೆ ತುಟಿ, ನಾಲಿಗೆ, ಕೈ ಜೋಮುಗಟ್ಟಿದರೆ, ಎದೆ ಡವಗುಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಪೊಟ್ಟಣವನ್ನೂ ಕೊಂಡೊಯ್ಯಿರಿ.

ಹೆಸರಿನ ಗೊಂದಲವೂ ಪ್ರಾಣ ತೆಗೆಯುತ್ತದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಗುಳಿಗೆಗಳಲ್ಲಿ ಒಂದು ಚೀನೀ ಮೂಲಿಕೆಯ ಬದಲು ಹೆಸರಿನಲ್ಲಿ ಅದನ್ನೇ ಹೋಲುವ ಅರಿಸ್ಟೊಲೋಕಿಯ ಜಾತಿಯ ಬೇರು ಸೇರಿಹೋಗಿ, ನೂರಕ್ಕೂ ಹೆಚ್ಚು ಜನರ ಮೂತ್ರಪಿಂಡಗಳು ಹಾಳಾದವು. ಆ ವಿಷವು ಕುದಿಸಿದರೂ ಹೋಗುವುದಿಲ್ಲ. ಆದ್ದರಿಂದ ಚೀಟಿಯಿಲ್ಲದ, ಗುರುತು ಸಿಗದ ಬೇರನ್ನು ಬಳಸಬೇಡಿ.

ಜೇಷ್ಠಮಧು ನಮಗೆ ಪರಿಚಿತವಾದರೂ ಹಲವು ವಾರ ಕುಡಿದರೆ ರಕ್ತದೊತ್ತಡ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ‘ದಾಂಗ್‌ಗುಯಿ’ ಬೇರು ರಕ್ತ ತೆಳುವಾಗಿಸುವ ಮಾತ್ರೆಯ ಪ್ರಭಾವ ಹೆಚ್ಚಿಸಬಲ್ಲದು. ಗರ್ಭಿಣಿಯರು, ಎದೆಹಾಲುಣಿಸುವ ತಾಯಂದಿರು, ಮಕ್ಕಳು, ಮೂತ್ರಪಿಂಡ ಅಥವಾ ಯಕೃತ್ತಿನ ತೊಂದರೆ ಇರುವವರು ವೈದ್ಯರ ಸಲಹೆಯಿಲ್ಲದೆ ಕುಡಿಯಬಾರದು. ಕಷಾಯ ಶುರುಮಾಡಿದೆವೆಂದು ಸಕ್ಕರೆ, ಬಿಪಿ ಮಾತ್ರೆ ನಿಲ್ಲಿಸಲೇಬೇಡಿ.

ಹಲಾಲ್ ವಿಚಾರ

‘ಎಜಿಯಾವೊ’ ಎಂಬ ಶಕ್ತಿವರ್ಧಕ ಅಂಟನ್ನು ಕತ್ತೆಯ ಚರ್ಮದಿಂದ ಮಾಡುತ್ತಾರೆ. ಕೆಲವು ಬೇರುಗಳನ್ನು ಮದ್ಯದಲ್ಲಿ ಹುರಿದು ಸಂಸ್ಕರಿಸುತ್ತಾರೆ. ಪ್ರಾಣಿಜನ್ಯ ವಸ್ತುಗಳು ಇನ್ನೂ ಹಲವಿವೆ. ಕೊಳ್ಳುವಾಗಲೇ ಪಟ್ಟಿ ಕೇಳಿ, ಸಂಶಯವಿದ್ದರೆ ಆಲಿಮರಲ್ಲಿ ವಿಚಾರಿಸಿ. ಸಸ್ಯಮೂಲದ ಬದಲಿ ಔಷಧಿ ಇದೆಯೇ ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ.

ಪೊಟ್ಟಣದ ಚೀಟಿಯ ಒಂದು ಫೋಟೊ ಮೊಬೈಲಿನಲ್ಲಿಟ್ಟುಕೊಳ್ಳಿ. ಯಾವ ವೈದ್ಯರ ಬಳಿ ಹೋದರೂ, ಯಾವ ಶಸ್ತ್ರಚಿಕಿತ್ಸೆಗೆ ಮುನ್ನವೂ ಅದನ್ನು ತೋರಿಸಿ. ಕಷಾಯ ಕುಡಿಯುತ್ತಿರುವ ವಿಷಯವನ್ನು ಡಾಕ್ಟರರಿಂದ ಮುಚ್ಚಿಡಬೇಡಿ.