ಹಪ್ಪಳದ ಮಣೆ ಎಳೆದುಕೊಳ್ಳಿ

ರಜೆಗೆ ಶಿರಸಿ ಕಡೆಯ ಊರಿಗೆ ಹೊರಟಿದ್ದೀರಾ? ಬೆಂಗಳೂರಿಂದ ಸುಮಾರು 400 ಕಿ.ಮೀ. ಹೋಗಿ, ಒಂದೇ ದಿನ ಆರು ಮನೆಗೆ ತಲೆ ತೋರಿಸಿ ಬರುವ ಚಟ ಬಿಡಿ. ನಾನೂ ವರ್ಷಗಟ್ಟಲೆ ಅದನ್ನೇ ಮಾಡಿದವನು. ನೆನಪಲ್ಲಿ ಉಳಿದದ್ದು ಆರು ಲೋಟ ಪಾನಕ ಮಾತ್ರ.

ಒಂದೇ ಮನೆ ಹಿಡಿಯಿರಿ, ರಾತ್ರಿ ಉಳಿಯಿರಿ. ಮೇ ತಿಂಗಳಾದರೆ ಹಲಸಿನ ಹಪ್ಪಳದ ಕೆಲಸ ನಡೆದೇ ಇರುತ್ತದೆ. ಬೇಯಿಸಿದ ತೊಳೆ ರುಬ್ಬಿ, ಉಪ್ಪು ಖಾರ ಸೇರಿಸಿ, ಉಂಡೆ ಕಟ್ಟಿ, ಬಾಳೆಲೆ ತುಂಡಿನ ನಡುವೆ ಒತ್ತುವುದು ಒಬ್ಬರ ಕೈಯಲ್ಲಿ ಮುಗಿಯುವಂಥದ್ದಲ್ಲ. ಒತ್ತುವ ಮಣೆಯನ್ನು ನಿಮ್ಮತ್ತ ಎಳೆದುಕೊಳ್ಳಿ. ಎದುರುಬದುರು ಕೂತು "ಮತ್ತೆ, ಎಂತ ವಿಶೇಷ?" ಅಂದಾಗ ಬಾರದ ಮಾತು, ಕೈ ಅಂಟಂಟಾದ ಮೇಲೆ ತಾನಾಗಿ ಬರುತ್ತದೆ. ಹತ್ತು ವರ್ಷ ಮಾತು ಬಿಟ್ಟಿದ್ದ ದೊಡ್ಡಪ್ಪನ ಮನೆಯ ಸುದ್ದಿಯನ್ನು ನಮ್ಮತ್ತೆ ಎತ್ತಿದ್ದು ಸುಮಾರು ನಲವತ್ತನೇ ಹಪ್ಪಳದ ಹೊತ್ತಿಗೆ.

ಮಕ್ಕಳಿಗೆ ಎಲ್ಲರನ್ನೂ ಅಂಕಲ್, ಆಂಟಿ ಮಾಡಿಬಿಡಬೇಡಿ. ಯಾರು ಸೋದರಮಾವ, ಯಾರು ಚಿಕ್ಕಪ್ಪ ಅಂತ ಹೇಳಿಕೊಡಿ. ಹಳೇ ಫೋಟೋ ಇದ್ದರೆ ಒಯ್ದು ಹಿಂಬದಿಗೆ ಹೆಸರು ಬರೆದುಕೊಳ್ಳಿ. ಪೆನ್ಸಿಲ್ಲಲ್ಲೇ ಬರೆಯಿರಿ, ಹೇಳುವವರು ಎರಡು ಸಲ ಬದಲಿಸುತ್ತಾರೆ.

ಆಸ್ತಿ ಪಾಲಿನ ಮಾತು ಬಂತೋ, ಹಪ್ಪಳ ಮಗುಚಿ ಹಾಕುವ ನೆವದಲ್ಲಿ ಅಂಗಳಕ್ಕೆ ಎದ್ದುಬಿಡಿ.